ರೊಟ್ಟಿ ಬೇಯುವಷ್ಟು ಹೊತ್ತು

"ನೋಡಮ್ಮ, ಬಾಗುತ್ತೆ, ಮುರಿಯಲ್ಲ," ಎಂದು ಪಾದ್ರಿಗಳು ಡಬ್ಬಿಯಿಂದ ಒಂದು ರೊಟ್ಟಿ ತೆಗೆದು ಎರಡು ಹೆಬ್ಬೆರಳುಗಳ ನಡುವೆ ಒತ್ತಿ ತೋರಿಸಿದರು. ಕಾಗದದಷ್ಟು ತೆಳ್ಳಗಿನ ಆ ದುಂಡು ಬಿಳಿ ರೊಟ್ಟಿ ನೆನೆದ ಚರ್ಮದ ಹಾಗೆ ಬಗ್ಗಿತು. ಬಿಟ್ಟರೆ ಮೆಲ್ಲಗೆ ಮತ್ತೆ ನೆಟ್ಟಗಾಯಿತು. "ಬಲಿಪೀಠದ ಮುಂದೆ ನಿಂತು ಇದನ್ನ ಎತ್ತಿ ಮುರೀಬೇಕಾದವನು ನಾನು. ಜನ ಎಲ್ಲ ಮೊಣಕಾಲೂರಿ ನೋಡ್ತಿರ್ತಾರೆ. ನಾನು ಹಳೇ ಬಟ್ಟೆ ಹರಿಯೋ ಹಾಗೆ ಜಗ್ಗಾಡ್ತಿರ್ತೀನಿ."

ರೊಟ್ಟಿಯಮ್ಮ ಡಬ್ಬಿಯ ಮುಚ್ಚಳ ಹಿಡಿದುಕೊಂಡು ನಿಂತಿದ್ದಳು. "ಹಿಟ್ಟು ಸರಿಯಿಲ್ಲ ಫಾದರ್. ಮೊದಲಿನ ಹಿಟ್ಟು ಈಗೆಲ್ಲಿ ಬರುತ್ತೆ?"

"ಮೂರು ವರ್ಷದಿಂದಲೂ ಸರಿಯಿಲ್ವಾ?"

ಅವಳು ಮುಚ್ಚಳದ ಅಂಚನ್ನು ಸೆರಗಿನಿಂದ ಒರೆಸಿದಳು.

"ನನ್ನ ಹಲ್ಲಿನ ಸೆಟ್ಟಿಗೆ ಬೇರೆ ಅಂಟ್ಕೊಳ್ಳುತ್ತೆ. ಹೋದ ಭಾನುವಾರ ಕೊನೇ ಆಶೀರ್ವಾದ ಕೊಡೋವಾಗ ನಾಲಗೆ ಅಂಗುಳಕ್ಕೆ ಮೆತ್ಕೊಂಡು ಅರ್ಧ ಆಶೀರ್ವಾದ ಒಳಗೇ ಉಳೀತು. ಪಾಪ, ಜನ ಅರ್ಧ ಆಶೀರ್ವಾದ ತಗೊಂಡು ಮನೆಗೆ ಹೋದ್ರು."

ಬೇರೆ ದಿನವಾಗಿದ್ದರೆ ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಈ ಪಾದ್ರಿಗಳು ಕಷ್ಟದ ಮಾತಿಗೆ ಮೊದಲು ಯಾವಾಗಲೂ ಒಂದು ತಮಾಷೆ ಮಾಡುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಆ ಮಾತು ಬಂದೇ ಬಂತು. ಚರ್ಚಿನ ಸಮಿತಿಯವರು ಯಂತ್ರದಲ್ಲಿ ಮಾಡಿದ ರೊಟ್ಟಿಯನ್ನು ಪೆಟ್ಟಿಗೆಯಲ್ಲಿ ತರಿಸೋಣ ಎನ್ನುತ್ತಿದ್ದರು. ಸಾವಿರಕ್ಕೆ ಸಾವಿರವೂ ಒಂದೇ ಅಳತೆ, ಒಂದೇ ಬಣ್ಣ. ಮುಂದಿನ ತಿಂಗಳಿಂದಲೇ ಆಗಲಿ ಎಂದಿದ್ದರು.

"ನಾನು ತಡೀರಿ ಅಂದೆ. ಒಂದು ದಿನ ಕೂತು ನೋಡ್ತೀನಿ ಅಂದೆ. ಗುರುವಾರ ಬರ್ಲಾ?"

"ನೋಡೋಕ್ಕೇನಿದೆ ಫಾದರ್, ಹಿಟ್ಟು ಮತ್ತು ನೀರು."

"ಹಿಟ್ಟು, ನೀರು, ಮತ್ತು ನೀನು," ಎಂದು ಪಾದ್ರಿಗಳು ಬಗ್ಗಿದ ರೊಟ್ಟಿಯನ್ನು ಜೇಬಿಗೆ ಹಾಕಿಕೊಂಡು ಹೊರಟರು.

ಊರಿಗೆಲ್ಲ ಅವಳು ರೊಟ್ಟಿಯಮ್ಮ. ಅವಳ ತಾಯಿಯೂ ರೊಟ್ಟಿಯಮ್ಮನೇ. ತಾಯಿ ನಲವತ್ತು ವರ್ಷ, ಮಗಳು ಇಪ್ಪತ್ತೊಂಬತ್ತು ವರ್ಷ, ಚರ್ಚಿನ ಹಿಂದಿನ ಅದೇ ಒಲೆಕೋಣೆಯಲ್ಲಿ, ಅದೇ ಅಚ್ಚಿನಲ್ಲಿ, ಪೂಜೆಯಲ್ಲಿ ಪರಮಪ್ರಸಾದವಾಗಿ ಹಂಚುವ ರೊಟ್ಟಿ ಬೇಯಿಸಿದ್ದರು. ಅಚ್ಚೆಂದರೆ ಉದ್ದ ಹಿಡಿಯ ಇಕ್ಕಳದಂಥದು. ತುದಿಯಲ್ಲಿ ಒಂದರ ಮೇಲೊಂದು ಕೂರುವ ಎರಡು ಕಬ್ಬಿಣದ ಬಿಲ್ಲೆ, ಒಳಮೈಯಲ್ಲಿ ಶಿಲುಬೆಯ ಗುರುತು. ಬಿಲ್ಲೆಗೆ ಜೇನುಮೇಣ ಸವರಿ, ಹಾಲಿಗಿಂತ ತುಸು ಮಂದವಾದ ಹಿಟ್ಟನ್ನು ಒಂದು ಚಮಚ ಹೊಯ್ದು, ಮುಚ್ಚಿ, ಕೆಂಡದ ಮೇಲೆ ಹಿಡಿಯಬೇಕು. ಉಪ್ಪಿಲ್ಲ, ಹುಳಿಯಿಲ್ಲ. ಹೊತ್ತು ತಪ್ಪಿದರೆ ಒಂದೋ ಹಸಿ, ಒಂದೋ ಕರಿ.

ತಾಯಿಯ ಕಾಲದಲ್ಲಿ ಕೋಣೆಯಲ್ಲಿ ಗಡಿಯಾರವಿರಲಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯೇ ಗಡಿಯಾರ. ಅನ್ನ ಕೊಡು ಎಂದು ಕೇಳುವ ಸಾಲಿನವರೆಗೆ ಒಂದು ಬದಿ. ಅಲ್ಲಿ ಅಚ್ಚನ್ನು ಮಗುಚಿ ಹಾಕಬೇಕು. ಉಳಿದದ್ದು ಮುಗಿದು ಆಮೆನ್ ಎನ್ನುವಾಗ ಇನ್ನೊಂದು ಬದಿಯೂ ಬೆಂದಿರುತ್ತದೆ. ಆಮೇಲೆ ಗಡಿಯಾರ ಬಂತು, ಗೋಡೆಯ ಮೇಲೆ ಕೂತಿತು. ತಾಯಿ ಅದರ ಕಡೆ ತಿರುಗಿಯೂ ನೋಡಲಿಲ್ಲ. "ಬಾಯಿ ಸುಮ್ನಿದ್ರೆ ಕೈ ಅವಸರ ಮಾಡುತ್ತೆ," ಎನ್ನುತ್ತಿದ್ದಳು. ಅವಳದು ಇನ್ನೊಂದು ಮಾತಿತ್ತು: ಮನೆಯಲ್ಲಿ ಜಗಳವಾಡಿದವರು ರಾಜಿಯಾಗುವ ತನಕ ಈ ಹಿಟ್ಟು ಮುಟ್ಟಬಾರದು. ರೊಟ್ಟಿಯಮ್ಮನೂ ಅವಳ ತಂಗಿಯೂ ಚಿಕ್ಕವರಿದ್ದಾಗ ರಿಬ್ಬನ್ನಿಗೆ ಕಿತ್ತಾಡಿ, ಹಿಟ್ಟು ಕಲಸುವ ಆಸೆಗೆ ಬಾಗಿಲಲ್ಲೇ ತಬ್ಬಿಕೊಂಡು ಒಳಗೆ ನುಗ್ಗುತ್ತಿದ್ದರು.

ಗುರುವಾರ ಬೆಳಗ್ಗೆ ಪಾದ್ರಿಗಳು ಬಂದು ಕಟ್ಟಿಗೆಯ ರಾಶಿಯ ಪಕ್ಕ ಮರದ ಸ್ಟೂಲು ಎಳೆದುಕೊಂಡು ಕೂತರು. ರೊಟ್ಟಿಯಮ್ಮ ಮೂರು ಸಲ ಕೈ ತೊಳೆದಳು. ಮೇಣ ಸವರಿದಳು, ಹಿಟ್ಟು ಹೊಯ್ದಳು, ಅಚ್ಚನ್ನು ಕೆಂಡದ ಮೇಲಿಟ್ಟಳು. ತುಟಿ ಅಲ್ಲಾಡತೊಡಗಿತು. ತಾಯಿಯ ಹಾಗೆಯೇ ನಿಧಾನ, ಒಂದೊಂದು ಮಾತಿಗೂ ಜಾಗ ಬಿಟ್ಟು. ಅನ್ನದ ಸಾಲು ಬಂತು, ಅಚ್ಚು ಮಗುಚಿತು. ಮುಂದಿನದು ಎರಡೇ ಉಸಿರಿನಲ್ಲಿ ಮುಗಿದು, ಆಮೆನ್ ಎನ್ನುತ್ತಲೇ ಅಚ್ಚು ಕೆಳಗಿಳಿಯಿತು.

"ಇನ್ನೊಂದು ಮಾಡಮ್ಮ," ಎಂದರು ಪಾದ್ರಿಗಳು.

ಇನ್ನೊಂದಾಯಿತು. ಮೂರನೆಯದಾಯಿತು. ಪಾದ್ರಿಗಳು ಎದ್ದು ಮೂರು ರೊಟ್ಟಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಬದಿ ಹದವಾಗಿ ಬೆಂದಿತ್ತು. ಮಗುಚಿದ ಬದಿ ಹಸಿ.

"ಮಧ್ಯದಲ್ಲಿ ಒಂದು ಸಾಲು ಎಲ್ಲಿ ಹೋಯ್ತಮ್ಮ?"

ಅವಳು ಅಚ್ಚು ಒರೆಸುವುದರಲ್ಲೇ ಇದ್ದಳು.

"ನಮ್ಮ ತಪ್ಪು ಮನ್ನಿಸು ಅನ್ನೋ ಸಾಲು. ನಾವು ಬೇರೆಯವರ ತಪ್ಪು ಮನ್ನಿಸಿದ ಹಾಗೆ ಅಂತ ಬರುತ್ತಲ್ಲ, ಅದು. ಇಡೀ ಪ್ರಾರ್ಥನೆಯಲ್ಲಿ ಅದೇ ಉದ್ದ. ಅದನ್ನ ಹಾರಿಸಿದ್ರೆ ರೊಟ್ಟಿ ಹಸೀನೇ ಇರುತ್ತೆ."

ರೊಟ್ಟಿಯಮ್ಮ ಬಟ್ಟೆಯನ್ನು ಮಡಿಸಿಟ್ಟಳು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖವಲ್ಲ ಅದು. ಎಷ್ಟೋ ದಿನದಿಂದ ಹೊತ್ತ ಕೊಡವನ್ನು ಕೆಳಗಿಡಲು ಜಾಗ ಸಿಕ್ಕವರ ಮುಖ. "ಸುಳ್ಳು ಹೇಳ್ಲಾ ಫಾದರ್, ದೇವರ ಎದುರಿಗೆ? ನಾನು ಮನ್ನಿಸಿಲ್ಲ. ನಾನು ಮನ್ನಿಸಿದ ಹಾಗೆ ನನ್ನನ್ನೂ ಮನ್ನಿಸು ಅಂದ್ರೆ ಏನಾಯ್ತು? ನನ್ನನ್ನ ಮನ್ನಿಸಬೇಡ ಅಂತ ನಾನೇ ಬೇಡ್ಕೊಂಡ ಹಾಗಾಯ್ತು. ಅದಕ್ಕೇ ಬಿಟ್ಬಿಟ್ಟೆ."

"ತಂಗಿ ವಿಷಯವಾ?"

"ಮತ್ಯಾರು?"

ಊರಿಗೆಲ್ಲ ಗೊತ್ತಿದ್ದ ವಿಷಯ ಅದು. ಮೂರು ವರ್ಷದ ಹಿಂದೆ, ತಾಯಿ ಹಾಸಿಗೆ ಹಿಡಿದು ಹನ್ನೆರಡು ದಿನವಾಗಿತ್ತು. ಅವತ್ತೂ ಗುರುವಾರ. ಅಕ್ಕ ರೊಟ್ಟಿ ಬೇಯಿಸಲು ಒಲೆಕೋಣೆಗೆ ಹೋದಳು. ಬಟ್ಟೆ ಹೊಲಿಯುವ ತಂಗಿ ತಾಯಿಯ ಹತ್ತಿರ ಕೂತಳು. ಮಧ್ಯಾಹ್ನ ಅವಳು ದಾರದ ಉಂಡೆ ತರುತ್ತೇನೆಂದು ಎದ್ದು ಹೋಗಿ, ತಂದು, ಮನೆಗೆ ಬರದೆ ಬಸ್ಸು ನಿಲ್ಲುವಲ್ಲಿನ ಬೆಂಚಿನ ಮೇಲೆ ಬಿಸಿಲಿಗೆ ಮುಖ ಕೊಟ್ಟು ಕೂತಳು. ಒಂದು ಗಂಟೆ ಕೂತಳು. ಅಕ್ಕ ಬಂದು ನೋಡಿದರೆ ತಾಯಿಯ ಉಸಿರು ನಿಂತಿತ್ತು, ಒಂದು ಕೈ ಮಂಚದಿಂದ ಕೆಳಗೆ ಜೋತಿತ್ತು. ಕೈ ಏನನ್ನೋ ಹುಡುಕಿದಂತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಕ್ಕ ಮಾತನ್ನೇ ಆಡಲಿಲ್ಲ. ಅವತ್ತಿನಿಂದ ತಂಗಿಯ ಜೊತೆ ಒಂದಕ್ಷರವಿಲ್ಲ. ಎರಡು ಬೀದಿಯಾಚೆ ಮನೆ. ಎದುರು ಸಿಕ್ಕರೆ ಗೋಡೆಯ ಸುಣ್ಣ ನೋಡಿಕೊಂಡು ಹೋಗುತ್ತಾಳೆ.

"ಹಿಟ್ಟು ಮುಟ್ಟಬಾರದು ಅಂತ ಅಮ್ಮ ಹೇಳಿದ್ಳಲ್ಲ, ಜಗಳ ಆಡಿದವರು?" ಎಂದು ಪಾದ್ರಿಗಳು ಮೆಲ್ಲಗೆ ಕೇಳಿದರು.

"ಜಗಳ ಎಲ್ಲಿ ಆಡಿದೆ? ಮಾತು ಬಿಟ್ಟೆ, ಅಷ್ಟೆ."

"ಓಹೋ," ಎಂದರು ಪಾದ್ರಿಗಳು. "ಕಣ್ಣು ಮುಚ್ಕೊಂಡು ಹಾಲು ಕುಡಿಯೋ ಬೆಕ್ಕು ನಮ್ಮ ಚರ್ಚಲ್ಲೇ ಇದೆ, ನಾನು ಇಲಿ ಹಾವಳಿ ಅಂತ ಕೊರಗ್ತಿದ್ದೆ."

ಅವಳಿಗೆ ನಗು ಬರುವುದರಲ್ಲಿತ್ತು, ಅಳು ಮುಂದಾಯಿತು. "ಅವಳನ್ನ ಯಾರಾದ್ರೂ ತಳ್ಳಿದ್ರಾ ಫಾದರ್? ಕಟ್ಟಿ ಎಳ್ಕೊಂಡು ಹೋದ್ರಾ? ತಾನಾಗಿ ಎದ್ದು ಹೋದ್ಳು. ಯಾಕೆ ಹೋದೆ ಅಂತ ಅವತ್ತು ನೆಂಟರು ಕೇಳಿದ್ರೆ, 'ಹೋಗ್ಬೇಕು ಅಂತ ಹೋಗ್ಲಿಲ್ಲ, ಹೋದೆ' ಅಂತಾಳೆ. ಅದೆಂಥಾ ಮಾತು?"

"ನಿಜವಾದ ಮಾತೇ ಇರಬಹುದು."

"ನೀವು ಪ್ರಸಂಗದಲ್ಲಿ ಹೇಳ್ತೀರಿ, ಮನಸ್ಸು ಮಾಡಿದ್ರೆ ಮನ್ನಿಸಬಹುದು ಅಂತ. ಮನಸ್ಸೇ ಬರಲ್ವಲ್ಲ! ಮನಸ್ಸು ಮಾಡೋಕ್ಕೆ ಇನ್ನೊಂದು ಮನಸ್ಸು ಎಲ್ಲಿಂದ ತರಲಿ?"

ಪಾದ್ರಿಗಳು ರಾಶಿಯಿಂದ ಒಂದು ಕಟ್ಟಿಗೆ ತೆಗೆದು ಒಲೆಯೊಳಗೆ ತಳ್ಳಿದರು. ಆಮೇಲೆ ಹೇಳಿದರು: "ಓದಿದವರು ಇದಕ್ಕೇ ಸಾವಿರಾರು ವರ್ಷ ಕಿತ್ತಾಡಿದ್ದಾರಮ್ಮ. ಮನುಷ್ಯ ಮೊದಲು ಕೈ ಚಾಚಬೇಕೋ, ದೇವರು ಮೊದಲು ಬಂದು ಕೈ ಹಿಡೀಬೇಕೋ ಅಂತ. ನಾನು ಪರೀಕ್ಷೆಯಲ್ಲಿ ಆರು ಪುಟ ಬರೆದೆ. ಪಾಸೂ ಆದೆ. ಈಗ ನೀನು ಕೇಳಿದ್ರೆ ಗೊತ್ತಿಲ್ಲ. ಚಾಚೋಕ್ಕೆ ಆಗದೇ ಇರೋ ಕೈಯನ್ನೇ ಅವನು ಹುಡುಕ್ಕೊಂಡು ಬರ್ತಾನೆ ಅನ್ನೋದು ನನ್ನ ನಂಬಿಕೆ. ನಾಕು ಜನರ ಸಾವಿನ ಹಾಸಿಗೆ ಹತ್ರ ಕೂತು ಕಲಿತದ್ದು ಅಷ್ಟು." ಎದ್ದು ನಿಂತು, ಗೋಡೆಯ ಕಡೆ ಬೆರಳು ಮಾಡಿದರು. "ರೊಟ್ಟಿ ಮಾತ್ರ ಆಗ್ಬೇಕು ಅಂದ್ರೆ ಗಡಿಯಾರ ಇದೆ. ಅದಕ್ಕೆ ಯಾರ ಮೇಲೂ ಕೋಪ ಇಲ್ಲ, ಸಾಲು ಬಿಡಲ್ಲ. ನೋಡಿ ಬೇಯಿಸು. ಸಮಿತಿಯವರ ಬಾಯಿ ಮುಚ್ಚಿಸೋ ಕೆಲಸ ನನಗೆ ಬಿಡು."

ಶುಕ್ರವಾರ ಅವಳು ಗಡಿಯಾರ ನೋಡಿ ಹತ್ತು ರೊಟ್ಟಿ ಬೇಯಿಸಿದಳು. ಹತ್ತೂ ಎರಡು ಬದಿ ಹದವಾಗಿ ಬೆಂದವು. ಬೆರಳಿಗೆ ತಾಕಿದರೆ ಸಾಕು, ಟಪ್ಪೆಂದು ಮುರಿದವು. ಕೋಣೆಯಲ್ಲಿ ಮುಳ್ಳಿನ ಟಿಕ್ ಟಿಕ್ ಬಿಟ್ಟರೆ ಸದ್ದಿರಲಿಲ್ಲ. ಅರವತ್ತೊಂಬತ್ತು ವರ್ಷದಲ್ಲಿ ಆ ಒಲೆಯ ಮುಂದೆ ಮೂಕವಾಗಿ ಬೆಂದ ರೊಟ್ಟಿ ಅದೇ ಮೊದಲು. ಡಬ್ಬಿಗೆ ಹಾಕಲು ಮನಸ್ಸಾಗಲಿಲ್ಲ. ಪೆಟ್ಟಿಗೆಯ ರೊಟ್ಟಿಗೂ ಇದಕ್ಕೂ ಏನು ವ್ಯತ್ಯಾಸ ಎಂದುಕೊಂಡು, ಹತ್ತನ್ನೂ ಅಂಗಳದ ಹಕ್ಕಿಗಳಿಗೆ ಪುಡಿಮಾಡಿ ಹಾಕಿ, ಗಡಿಯಾರವನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿಟ್ಟಳು. ಮುಂದಿನ ಗುರುವಾರ ಆ ಸಾಲು ಬಾಯಿಗೆ ಬಂದರೆ ಸರಿ. ಬರದಿದ್ದರೆ ಅಚ್ಚನ್ನು ಒಪ್ಪಿಸಿಬಿಡುವುದು. ಹೀಗೆಂದು ತನಗೆ ತಾನೇ ಗಡುವು ಹಾಕಿಕೊಂಡಳು.

ಆ ವಾರ ಬಟ್ಟೆ ಒಗೆಯುವಾಗ, ಮೆಟ್ಟಿಲು ಹತ್ತುವಾಗ, ಆ ಸಾಲನ್ನು ಹೇಳಲು ನೋಡಿದಳು. ಮೊದಲರ್ಧ ಬರುತ್ತಿತ್ತು. ಉಳಿದದ್ದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಲ್ಲುತ್ತಿತ್ತು. ಸಾಲದ್ದಕ್ಕೆ ಮಂಗಳವಾರ ಒದ್ದೆ ನೆಲದಲ್ಲಿ ಜಾರಿ ಬಲಗೈ ಊರಿ ಬಿದ್ದಳು. ಡಾಕ್ಟರು ಮಣಿಕಟ್ಟಿಗೆ ಪಟ್ಟಿ ಸುತ್ತಿ, ಭಾರ ಎತ್ತಬೇಡಿ ಎಂದು ಕಳಿಸಿದರು.

ಗುರುವಾರ ಬೆಳಗ್ಗೆ ಎಡಗೈಯಲ್ಲೇ ಒಲೆ ಹಚ್ಚಿ, ಎಡಗೈಯಲ್ಲೇ ಹಿಟ್ಟು ಕಲಸಿದಳು. ಅಚ್ಚು ಎತ್ತಲು ಹೋದರೆ ತುದಿ ನೆಲಕ್ಕೆ ಬಡಿಯಿತು. ಇನ್ನೊಮ್ಮೆ ಎತ್ತಿದಳು. ಮತ್ತೆ ಬಡಿಯಿತು. ಮೂರನೆಯ ಸಲ ಎತ್ತುವ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು.

ತಂಗಿ. ರವಿಕೆಯ ತೋಳನ್ನು ಮೊಣಕೈವರೆಗೆ ಮಡಿಸಿದ್ದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಜೋತಾಡುತ್ತಿತ್ತು. ಹೊಲಿಗೆ ಮಧ್ಯದಲ್ಲಿ ಬಿಟ್ಟು ಎದ್ದು ಬಂದಿದ್ದಳು. ಐವತ್ತು ದಾಟಿದ ಹೆಂಗಸು, ಆದರೂ ಹೊಸ್ತಿಲ ಮೇಲೆ ಒಂದೇ ಕಾಲಿಟ್ಟು, ಬರಲೋ ಬೇಡವೋ ಎಂದು ನಿಂತ ರೀತಿ ಹತ್ತು ವರ್ಷದ ಹುಡುಗಿಯದು.

"ಯಾರೂ ಕಳಿಸ್ಲಿಲ್ಲ," ಎಂದಳು, ಅಕ್ಕ ಕೇಳದಿದ್ದರೂ. "ನೀನು ಕೈಗೆ ಪಟ್ಟಿ ಕಟ್ಕೊಂಡು ಹೋಗ್ತಿದ್ದೆ, ಕಿಟಕಿಯಿಂದ ಕಾಣಿಸ್ತು."

ಅಕ್ಕ ಗೋಡೆಯ ಸುಣ್ಣ ನೋಡಿದಳು. ತಂಗಿ ಸ್ವಲ್ಪ ಕಾದು, ತೊಟ್ಟಿಯ ಹತ್ತಿರ ಹೋಗಿ ಮೂರು ಸಲ ಕೈ ತೊಳೆದಳು. ಕೊನೆಯ ಸಲ ಉಗುರುಗಳ ಸಂದಿಯನ್ನೂ ಉಜ್ಜಿದಳು. ಬಂದು ಅಕ್ಕನ ಕೈಯಿಂದ ಅಚ್ಚನ್ನು ತೆಗೆದುಕೊಂಡಳು. ಅಕ್ಕ ಬಿಡಲಿಲ್ಲ, ಹಿಡಿದುಕೊಳ್ಳಲೂ ಆಗಲಿಲ್ಲ. ಅಚ್ಚು ತಂಗಿಯ ಕೈಗೆ ಹೋಯಿತು.

"ಮೇಣ ನಾನೇ ಹಚ್ಲಾ?" ಎಂದಳು. ಉತ್ತರಕ್ಕೆ ಕಾಯದೆ ಹಚ್ಚಿದಳು. ಹಿಟ್ಟು ಹೊಯ್ದು, ಮುಚ್ಚಿ, ಕೆಂಡದ ಮೇಲೆ ಹಿಡಿದು, ಅಕ್ಕನ ಮುಖ ನೋಡಿದಳು. ಪ್ರಾರ್ಥನೆ ಹೇಳುವುದು ಯಾವಾಗಲೂ ದೊಡ್ಡವರ ಕೆಲಸ. ತಾಯಿ ಇದ್ದಾಗ ತಾಯಿ, ತಾಯಿ ಇಲ್ಲದಾಗ ಅಕ್ಕ.

ಅಕ್ಕ ಗೋಡೆಗೆ ಮುಖ ಮಾಡಿಯೇ ಶುರು ಮಾಡಿದಳು. ಇವತ್ತು ಗಟ್ಟಿಯಾಗಿ ಹೇಳಲೇಬೇಕಿತ್ತು. ಅಚ್ಚು ಹಿಡಿದವಳಿಗೆ ಕೇಳಬೇಕಲ್ಲ. ಅನ್ನದ ಸಾಲು ಬಂತು. ತಂಗಿ ಅಚ್ಚು ಮಗುಚಿದಳು. ಅಕ್ಕ ಬಾಯಿ ತೆರೆದಳು. ಹಾರಿ ಮುಂದಕ್ಕೆ ಹೋಗಲು ನಾಚಿಕೆ, ಹೇಳಲು ಮುಳ್ಳು. ತಂಗಿ ಅಚ್ಚು ಹಿಡಿದೇ ನಿಂತಿದ್ದಳು. ಬಿಲ್ಲೆಯ ಅಂಚಿನಿಂದ ಮೊದಲು ಬಿಳಿ ಹೊಗೆ, ಆಮೇಲೆ ಕಂದು ಹೊಗೆ ಬಂತು. ಆಮೇಲೆ ಸೀದ ವಾಸನೆ.

"ಸುಡ್ತಿದೆ, ತೆಗಿಯೇ!" ಎಂದಳು ಅಕ್ಕ.

ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಇಬ್ಬರಿಗೂ ಅದು ಒಟ್ಟಿಗೇ ಗೊತ್ತಾಯಿತು.

"ನೀನಿನ್ನೂ ಮುಗಿಸಿಲ್ಲ ಅಕ್ಕ," ಎಂದಳು ತಂಗಿ, ಹೊಗೆಯೊಳಗಿಂದ.

"ಮುಗಿಸಿಲ್ಲ ಅಂದ್ರೆ ಕಲ್ಲಾಗಿ ನಿಂತಿರ್ತೀಯಾ? ಕಣ್ಣಿಲ್ವಾ ನಿಂಗೆ? ತೆಗಿ ಅಂದ್ರೆ!"

ತಂಗಿ ಗಾಬರಿಯಾಗಿ ಅಚ್ಚು ಬಿಚ್ಚಲು ಹೋದಳು. ಹಿಡಿಯ ಬದಲು ಬಿಲ್ಲೆಗೇ ಬೆರಳು ತಾಗಿತು. ಅಚ್ಚು ಢಣ್ಣೆಂದು ಕೆಳಗೆ ಬಿತ್ತು. ಅವಳು ಕಿರುಚಲಿಲ್ಲ, ಬೆರಳುಗಳನ್ನು ಗಾಳಿಯಲ್ಲಿ ಹಾಗೇ ಹಿಡಿದುಕೊಂಡಳು. ಅಕ್ಕ ಪಟ್ಟಿ ಕಟ್ಟಿದ ಕೈಯಿಂದಲೇ ಅವಳ ಮಣಿಕಟ್ಟನ್ನು ಸೆಳೆದು, ಹತ್ತಿರ ಇದ್ದದ್ದರೊಳಗೆ ಅದ್ದಿಬಿಟ್ಟಳು. ಹತ್ತಿರ ಇದ್ದದ್ದು ಹಿಟ್ಟಿನ ಪಾತ್ರೆ.

"ಅಕ್ಕ! ಪೂಜೆ ಹಿಟ್ಟು!"

"ಇರ್ಲಿ. ತಣ್ಣಗಿದೆ. ತೆಗೀಬೇಡ."

ಅಕ್ಕನ ಕೈಯೂ ಹಿಟ್ಟಿನೊಳಗೇ ಇತ್ತು. ಬಾಗಿಲಿನಿಂದ ಬಂದ ಗಾಳಿ ಹೊಗೆಯನ್ನು ನಿಧಾನವಾಗಿ ಮೇಲಕ್ಕೆ ಎತ್ತಿತು. ಪಾತ್ರೆಯ ಮೇಲೆ ಬಗ್ಗಿದ ಎರಡು ತಲೆಗಳು ಒಂದಕ್ಕೊಂದು ತಾಗುವಷ್ಟು ಹತ್ತಿರವಿದ್ದವು. ತಂಗಿಯ ಬೈತಲೆಯಲ್ಲಿ ಇಷ್ಟು ಬಿಳಿಕೂದಲು ಯಾವಾಗ ಬಂದಿತೆಂದು ಅಕ್ಕನಿಗೆ ತಿಳಿಯಲಿಲ್ಲ.

"ಅವತ್ತು ಬೆಳಗ್ಗೆ," ಎಂದಳು ಅಕ್ಕ. ಮಾತು ತಾನಾಗಿ ಬಂತು, ಅವಳು ಕರೆದಿರಲಿಲ್ಲ. "ಅಮ್ಮ ನನ್ನ ಸೆರಗು ಹಿಡ್ಕೊಂಡು, 'ಇವತ್ತೊಂದು ದಿನ ಹೋಗ್ಬೇಡ್ವೇ' ಅಂದ್ಳು. ದೇವರ ಕೆಲಸ ಅಮ್ಮ ಅಂತ ಬಿಡಿಸ್ಕೊಂಡು ಬಂದೆ. ನಂಗೆ ಆ ಕೋಣೆಯಲ್ಲಿ ಇನ್ನೊಂದು ದಿನ ಕೂರೋಕ್ಕೆ ಆಗ್ತಿರ್ಲಿಲ್ಲ. ಇಲ್ಲಿಗೆ ಬಂದು ಒಲೆ ಹಚ್ಚಿದಾಗ ಜೀವ ಬಂತು. ಯಾರಿಗೂ ಹೇಳಿಲ್ಲ. ಪಾಪನಿವೇದನೆಯಲ್ಲೂ ಹೇಳಿಲ್ಲ."

"ಗೊತ್ತು," ಎಂದಳು ತಂಗಿ.

"ಏನು ಗೊತ್ತು?"

"ಅಮ್ಮ ಬೇಡ ಅಂದದ್ದು. ಬಾಗಿಲ ಹಿಂದೇನೇ ಇದ್ದೆ, ಬಟ್ಟೆ ಮಡಿಸ್ತಿದ್ದೆ."

ಅಕ್ಕ ತಲೆ ಎತ್ತಿದಳು. ಸಾವಿನ ಮನೆಯಲ್ಲಿ, ನೆಂಟರ ಎದುರಿಗೆ, ತಂಗಿಗೆ ಬೆನ್ನು ತಿರುಗಿಸಿ ನಿಂತದ್ದು ನೆನಪಾಯಿತು. ಅಕ್ಕನ ತಲೆ ತಗ್ಗಿಸಲು ಒಂದೇ ಒಂದು ಮಾತು ಸಾಕಿತ್ತು ಅವತ್ತು ತಂಗಿಗೆ. "ಮೂರು ವರ್ಷ ಬಾಯಿ ಮುಚ್ಕೊಂಡಿದ್ಯಾ? ನಾನು ಅಷ್ಟೆಲ್ಲ ಮಾಡಿದ್ರೂ? ಯಾಕೆ ಹೇಳ್ಲಿಲ್ವೇ?"

"ಹೇಳಿದ್ರೆ ನೀನು ರೊಟ್ಟಿ ಮಾಡೋದೇ ಬಿಟ್ಬಿಡ್ತಿದ್ದೆ." ತಂಗಿ ಮೂಗನ್ನು ಭುಜಕ್ಕೆ ಉಜ್ಜಿಕೊಂಡಳು, ಕೈ ಖಾಲಿ ಇರಲಿಲ್ಲ. "ನಾನು ಬೆಂಚಲ್ಲಿ ಕೂತಿದ್ದೆನಲ್ಲ ಅವತ್ತು. ಇನ್ನೊಂದು ನಿಮಿಷ, ಇನ್ನೊಂದು ನಿಮಿಷ ಅಂತ ಕೂತೆ. ಹಾಗೆ ಕೂತವಳಿಗೇ ಗೊತ್ತು. ನಿನಗೂ ಹಾಗೇ ಆಗಿರುತ್ತೆ ಅಂದ್ಕೊಂಡೆ. ಇಬ್ಬರಲ್ಲಿ ಒಬ್ಬರಿಗಾದ್ರೂ ನಿದ್ದೆ ಬರಲಿ ಅಂತ."

"ಬಂತು ಅಂದ್ಕೊಂಡ್ಯಾ?"

"ಇಲ್ವಾ?"

"ಪೆದ್ದಿ," ಎಂದಳು ಅಕ್ಕ. ಆ ಮಾತು ಹೇಳುವಾಗ ಅವಳ ಗಂಟಲಲ್ಲಿ ಏನೂ ಅಡ್ಡ ಇರಲಿಲ್ಲ. ಕಣ್ಣೀರು ಗಲ್ಲದ ತುದಿಗೆ ಇಳಿದು, ಒರೆಸಿಕೊಳ್ಳಲು ಕೈ ಸಿಗದೆ, ಪಾತ್ರೆಗೇ ಬಿತ್ತು.

"ಅಯ್ಯೋ, ಉಪ್ಪು ಬೇರೆ ಬಿತ್ತು," ಎಂದಳು ತಂಗಿ. "ಈಗಂತೂ ಹಾಳಾಗೇ ಹೋಯ್ತು ಹಿಟ್ಟು."

"ಹೋಗ್ಲಿ. ಬೇರೆ ಕಲಸೋಣ. ಉರಿ ಕಮ್ಮಿಯಾಯ್ತಾ?"

"ಸ್ವಲ್ಪ."

"ಹಾಗಾದ್ರೆ ಇನ್ನೂ ಸ್ವಲ್ಪ ಇರ್ಲಿ."

ಹೊರಗೆ ಯಾರೋ ಅಂಗಳ ಗುಡಿಸುತ್ತಿದ್ದರು. ಪೊರಕೆಯ ಸದ್ದು ಹತ್ತಿರ ಬಂದು ದೂರ ಹೋಯಿತು. ಅಕ್ಕನ ಮಣಿಕಟ್ಟಿನ ಪಟ್ಟಿ ನೆನೆದು ಭಾರವಾಗಿ ತಾನಾಗಿ ಸಡಿಲಗೊಂಡಿತು. ಪಾತ್ರೆಯ ಬಿಳುಪಿನೊಳಗೆ ಎರಡು ಕೈ ಇದ್ದವು. ಯಾರ ಬೆರಳು ಯಾವುದು ಎಂದು ಕಾಣುತ್ತಿರಲಿಲ್ಲ.